ಹೆಸರಿಲ್ಲದ ಬ್ರೇಕ್ ಸಾಮಾನು ನಮ್ಮ ಮಳೆಗೆ ಬೇಡ

ಬೈಕಿಗೆ ಸೀಟ್ ಕವರ್ ತರಿಸಿ, ಮೊಬೈಲ್ ಹೋಲ್ಡರ್ ತರಿಸಿ, ನನ್ನದೇನೂ ತಕರಾರಿಲ್ಲ. ಆದರೆ ಬ್ರೇಕಿಗೆ ಸಂಬಂಧಪಟ್ಟ ಒಂದು ಸಾಮಾನನ್ನೂ ಹೆಸರು, ವಿಳಾಸ ಇಲ್ಲದವರಿಂದ ಆನ್‌ಲೈನ್‌ನಲ್ಲಿ ತರಿಸಬೇಡಿ. ಮಣಿಪಾಲದ ಕಾಲೇಜು ಹುಡುಗರಿರಲಿ, ಮಂಗಳೂರಿನಲ್ಲಿ ಊಟದ ಪಾರ್ಸೆಲ್ ತಲುಪಿಸುವವರಿರಲಿ, ಬೈಕಂಪಾಡಿಗೆ ಶಿಫ್ಟಿಗೆ ಹೋಗುವವರಿರಲಿ, ಎಷ್ಟೋ ಜನರ ಬೈಕಲ್ಲಿ ಈಗ ಕೆಂಪು, ನೀಲಿ, ಚಿನ್ನದ ಬಣ್ಣದ ಲಿವರ್, ಅಂದರೆ ಬೆರಳಲ್ಲಿ ಎಳೆದು ಬ್ರೇಕ್ ಹಾಕುವ ಹಿಡಿ, ಕಾಣುತ್ತದೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹೆದರಿಕೆ ಆಗುತ್ತದೆ ಮಾರಾಯ್ರೆ.

ಅಗ್ಗ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೈಕ್ ಕಂಪೆನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಬ್ರೇಕ್ ಬೈಬ್ರೆ, ಎಂಡ್ಯೂರೆನ್ಸ್‌ನಂಥ ಬಿಡಿಭಾಗದ ಕಂಪೆನಿಗಳಿಂದ ಬರುತ್ತದೆ. ಚೈನ್ ಕೊಯಮತ್ತೂರಿನ ರೋಲಾನ್ ಆಗಿರಬಹುದು. ಸ್ವಿಚ್, ಲೈಟು ಯುನೋ ಮಿಂಡಾದ್ದಾಗಿರಬಹುದು. ಇಂಥವರು ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲೂ ಸಾಮಾನು ಮಾರುತ್ತಾರೆ. ಬೈಕ್ ಕಂಪೆನಿಯ ಹೊಲೋಗ್ರಾಮ್ ಇರುವ ಪ್ಯಾಕೆಟ್ಟಿಗಿಂತ ಎಷ್ಟೋ ಸಲ ಕಡಿಮೆ ಬೆಲೆಗೆ ಸಿಗುತ್ತದೆ. ಅದೂ ಆಫ್ಟರ್‌ಮಾರ್ಕೆಟ್ಟೇ (ಬೈಕ್ ಕಂಪೆನಿಯ ಪೆಟ್ಟಿಗೆಯಲ್ಲಿ ಬಾರದ ಸಾಮಾನು), ಧೈರ್ಯವಾಗಿ ಹಾಕಿಸಿಕೊಳ್ಳಬಹುದು. ನನ್ನ ಸಿಟ್ಟು ಇರುವುದು ಯಾರು ಮಾಡಿದ್ದು ಅಂತಲೇ ಗೊತ್ತಿಲ್ಲದ ಸಾಮಾನಿನ ಮೇಲೆ. ಫೋಟೋ ಚಂದ, ಕೆಳಗೆ 'ಎಲ್ಲಾ ಬೈಕಿಗೂ ಆಗುತ್ತದೆ' ಅಂತ ಬರೆದಿರುತ್ತಾರೆ. ಎಲ್ಲಾ ಬೈಕಿಗೂ ಆಗುವ ಬ್ರೇಕ್ ಲಿವರ್ ಅಂತ ಒಂದು ಇಲ್ಲವೇ ಇಲ್ಲ.

ಯಾಕೆ ಇಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಸ್ಕ್ ಬ್ರೇಕಿನಲ್ಲಿ ನೀವು ಲಿವರ್ ಹಿಡಿದಾಗ ಅದರ ಒಳತುದಿ ಹ್ಯಾಂಡಲ್ ಮೇಲಿರುವ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಪಂಪಿನ ಪಿಸ್ಟನ್ನನ್ನು ತಳ್ಳುತ್ತದೆ. ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು. ಹಾಗೆ ಬಂದರೆ ಮಾತ್ರ ಮೇಲಿನ ಆಯಿಲ್ ಡಬ್ಬಿಗೆ ಹೋಗುವ ಒಂದು ಸಣ್ಣ ತೂತು ತೆರೆದುಕೊಳ್ಳುತ್ತದೆ. ಬ್ರೇಕ್ ಬಿಸಿಯಾದಾಗ ಒಳಗಿನ ಆಯಿಲ್ ಹಿಗ್ಗುತ್ತದೆ, ಹಿಗ್ಗಿದ್ದು ಆ ತೂತಿನಿಂದ ಮೇಲಕ್ಕೆ ಹೋಗಬೇಕು. ಈಗ ಲಿವರಿನ ಒಳತುದಿ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಉದ್ದ ಇದೆ ಅಂದುಕೊಳ್ಳಿ. ಕೈ ಬಿಟ್ಟರೂ ಅದು ಪಿಸ್ಟನ್ನನ್ನು ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ತೂತು ತೆರೆಯುವುದೇ ಇಲ್ಲ. ಹಿಗ್ಗಿದ ಆಯಿಲ್ಲಿಗೆ ಹೋಗಲು ಜಾಗ ಇಲ್ಲದೆ ಅದು ಉಜ್ಜುವ ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತುತ್ತದೆ. ಕೊನೆಗೆ ಮುಂದಿನ ಚಕ್ರ ಹಿಡಿದುಕೊಳ್ಳುತ್ತದೆ. ನೀವು ಬ್ರೇಕನ್ನು ಮುಟ್ಟಿಯೇ ಇರುವುದಿಲ್ಲ!

ಇದು ಪುಸ್ತಕದ ಮಾತಲ್ಲ. ನಮ್ಮ ಪಕ್ಕದ ಮನೆಯ ಹುಡುಗ ಆಗುಂಬೆ ಘಾಟಿ ಇಳಿದು ಬರುವಾಗ ಆದದ್ದು ಇದೇ. ಹದಿನಾಲ್ಕು ತಿರುವು ಹೇಗೋ ಇಳಿದಿದ್ದಾನೆ. ಸೋಮೇಶ್ವರ ಹತ್ತಿರ ಬರುವಷ್ಟರಲ್ಲಿ ಬೈಕು ಮುಂದಕ್ಕೇ ಹೋಗುತ್ತಿಲ್ಲ, ಡಿಸ್ಕಿನಿಂದ ಸುಟ್ಟ ವಾಸನೆ. ನಿಧಾನ ಇದ್ದದ್ದಕ್ಕೆ ಬಚಾವಾದ. ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಾಗ ನಮ್ಮ ಗ್ಯಾರೇಜಿನವರು ಕೇಳಿದ್ದು ಒಂದೇ ಮಾತು: "ಎಂತದೂ ಬಿಚ್ಚುವುದು ಬೇಡ, ಹಳೇ ಲಿವರ್ ಉಂಟಾ? ಅದನ್ನು ಹಾಕಿ ನೋಡುವ." ಹಾಕಿದರು, ಸರಿಯಾಯಿತು. ನಾಲ್ಕೈದು ನೂರು ರೂಪಾಯಿಗೆ ಜೋಡಿ ಲಿವರ್ ಕಳಿಸಿದವನ ಹೆಸರು ಆ ಪ್ಯಾಕೆಟ್ಟಿನ ಮೇಲೆ ಎಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದ ಹುಡುಗ ಅವನು. ಅವನ ಅಮ್ಮನ ಮುಖ ನೋಡಿದವರಿಗೆ ಗೊತ್ತು.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಬ್ರೇಕ್ ಲೈಟಿನ ಸ್ವಿಚ್ಚು ಲಿವರಿನ ಬುಡದಲ್ಲಿರುತ್ತದೆ. ಆಕಾರ ತಪ್ಪಿದ ಲಿವರ್ ಹಾಕಿದರೆ ಹಿಂದಿನ ಕೆಂಪು ಲೈಟು ಒಂದೋ ಯಾವಾಗಲೂ ಉರಿಯುತ್ತದೆ, ಇಲ್ಲದಿದ್ದರೆ ಮುಂದಿನ ಬ್ರೇಕಿಗೆ ಉರಿಯುವುದೇ ಇಲ್ಲ. ಜುಲೈ ತಿಂಗಳ ಮಳೆಯಲ್ಲಿ ಪಡುಬಿದ್ರಿ ಹತ್ತಿರ ಹೈವೇಯಲ್ಲಿ ನಿಮ್ಮ ಹಿಂದೆ ಬರುವ ಬಸ್ಸಿನವನಿಗೆ ನೀವು ಬ್ರೇಕ್ ಹಾಕಿದ್ದು ಹೇಗೆ ತಿಳಿಯಬೇಕು?

ಪ್ಯಾಡಿನ ಕಥೆ ನಮ್ಮ ಕರಾವಳಿಯಲ್ಲಿ ಇನ್ನೂ ಕಷ್ಟದ್ದು. ಬ್ರೇಕ್ ಪ್ಯಾಡ್ ಅಂದರೆ ಕಬ್ಬಿಣದ ತಗಡಿನ ಮೇಲೆ ಅಂಟಿಸಿದ ಉಜ್ಜುವ ಪದರ. ಒಳ್ಳೆಯ ಪ್ಯಾಡಿನಲ್ಲಿ ಆ ತಗಡಿಗೆ ತುಕ್ಕು ಹಿಡಿಯದ ಹಾಗೆ ಲೇಪ ಕೊಟ್ಟಿರುತ್ತಾರೆ, ಅಂಟು ಬಿಸಿ ತಡೆಯುತ್ತದೆ. ಅಗ್ಗದ್ದರಲ್ಲಿ ಎರಡನ್ನೂ ಉಳಿಸುತ್ತಾರೆ. ನಮ್ಮಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರ್ ದಾಟಿ ಮಳೆ, ಉಳಿದ ದಿನ ಸಮುದ್ರದ ಉಪ್ಪು ಗಾಳಿ. ಮಲ್ಪೆ, ಪಣಂಬೂರು, ಉಳ್ಳಾಲದಲ್ಲಿ ಕಿಟಕಿ ಸರಳೇ ಬಾಳುವುದಿಲ್ಲ ಅಲ್ವಾ? ತಗಡಿಗೂ ಪದರಕ್ಕೂ ನಡುವೆ ತುಕ್ಕು ಹುಟ್ಟಿದರೆ ಅದು ಉಬ್ಬಿ ಪದರವನ್ನೇ ಎಬ್ಬಿಸುತ್ತದೆ. ಪದರ ಕಳಚಿ ಬಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಬೆಂಗಳೂರಿನಲ್ಲಿ ಕೂತು ಅದೇ ಪ್ಯಾಡಿಗೆ ಐದು ಸ್ಟಾರ್ ಕೊಟ್ಟವರ ಅನುಭವ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ಆ ರಿವ್ಯೂಗಳಲ್ಲಿ ಎಷ್ಟೋ ಪಾರ್ಸೆಲ್ ಬಂದ ದಿನವೇ ಬರೆದವು. ಒಂದು ಮಳೆಗಾಲ ಕಳೆದ ಮೇಲೆ ಬಂದು ಬರೆದವರನ್ನು ಹುಡುಕಿ ನೋಡಿ.

ಬ್ರೇಕ್ ಆಯಿಲ್ ಕೂಡ ಹಾಗೆಯೇ. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಕುದಿದರೆ ಒಳಗೆ ಆವಿ ತುಂಬಿ ಲಿವರ್ ಸುಮ್ನೆ ಹ್ಯಾಂಡಲ್‌ವರೆಗೂ ಬರುತ್ತದೆ, ಬೈಕು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಸೀಲ್ ಇರುವ ಸಣ್ಣ ಬಾಟಲಿಯನ್ನೇ ತೆಗೆದುಕೊಳ್ಳಿ.

ಬ್ರೇಕ್ ಅಲ್ಲದಿದ್ದರೂ ಇನ್ನೆರಡು ಸಾಮಾನಿನಲ್ಲಿ ಎಚ್ಚರ ಬೇಕು. ಚಕ್ರದ ಬೇರಿಂಗ್ ತೆಗೆದುಕೊಳ್ಳುವಾಗ ನಂಬರಿನ ಜೊತೆ ಅದರ ನಂತರ ಬರುವ ಅಕ್ಷರವನ್ನೂ ನೋಡಿ. ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್. ನೀರು ನಿಲ್ಲುವ ನಮ್ಮ ರಸ್ತೆಗಳಿಗೆ ರಬ್ಬರ್ ಸೀಲಿನದ್ದೇ ಬೇಕು. ಹೆಡ್‌ಲೈಟಿಗೆ ದೊಡ್ಡ ವ್ಯಾಟಿನ ಬಲ್ಬಂತೂ ಬೇಡವೇ ಬೇಡ. 35 ವ್ಯಾಟಿನ ಜಾಗಕ್ಕೆ 100 ವ್ಯಾಟಿನದ್ದು ಹಾಕಿದರೆ ಹೋಲ್ಡರ್ ಕರಗುತ್ತದೆ, ಎದುರಿನವನಿಗೆ ಕಣ್ಣು ಕಾಣುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವವರನ್ನು ಬೈಯಲು ನನಗೆ ಮನಸ್ಸಿಲ್ಲ. ದಿನಕ್ಕೆ ಇಷ್ಟು ಅಂತ ದುಡಿಯುವವನಿಗೆ ಐನೂರು ರೂಪಾಯಿ ಉಳಿತಾಯ ದೊಡ್ಡದೇ. ಹಳೆ ಬೈಕಿನ ಸಾಮಾನು ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ, ಶೋರೂಮಿನಲ್ಲಿ ಕೇಳಿದರೆ 'ಮುಂದಿನ ವಾರ ಬನ್ನಿ' ಅನ್ನುತ್ತಾರೆ. ಊರಿನ ಅಂಗಡಿಯಲ್ಲೂ ಡೂಪ್ಲಿಕೇಟ್ ಇಲ್ಲ ಅಂತ ಅಲ್ಲ. ಆದರೆ ಅಲ್ಲಿ ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದು ಹೋಗಬಹುದು, ಹೊಸದರ ಪಕ್ಕ ಇಟ್ಟು ನೋಡಬಹುದು, ನಾಳೆ ಹೋಗಿ ಕೇಳಲು ಒಂದು ಮುಖ ಇರುತ್ತದೆ. 'ಇದನ್ನು ನಾನು ಹಾಕುವುದಿಲ್ಲ, ಬೇರೆ ತನ್ನಿ' ಅಂತ ಹೇಳುವ ಮೆಕ್ಯಾನಿಕ್ ನಿಮಗೆ ಸಿಕ್ಕಿದ್ದರೆ ಅವರನ್ನು ಬಿಡಬೇಡಿ.

ತರಿಸಲೇಬೇಕು ಅಂತಿದ್ದರೆ ಮಾರುವವನ ಪೂರ್ತಿ ಹೆಸರು, ವಿಳಾಸ, ಯಾವ ದೇಶದಲ್ಲಿ ತಯಾರಾದದ್ದು ಅನ್ನುವುದು ಪೇಜಿನಲ್ಲೇ ಇದೆಯಾ ನೋಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅದು ಇರಲೇಬೇಕು. ಪಾರ್ಟ್ ನಂಬರನ್ನು ನಿಮ್ಮ ಬೈಕಿನ ಕ್ಯಾಟಲಾಗ್‌ಗೆ ತಾಳೆ ನೋಡಿ. ಮೋಸವಾದರೆ ಸಾಮಾನನ್ನೂ ಪ್ಯಾಕೆಟ್ಟನ್ನೂ ಬಿಸಾಡಬೇಡಿ, ಫೋಟೋ ತೆಗೆದಿಟ್ಟು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಈಗಾಗಲೇ ಬಣ್ಣದ ಲಿವರ್ ಹಾಕಿಸಿಕೊಂಡವರು ಇವತ್ತೇ ಒಂದು ಕೆಲಸ ಮಾಡಿ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಲಿ. ನೀವು ನಾಲ್ಕೈದು ಸಲ ಬ್ರೇಕ್ ಹಿಡಿದು ಬಿಟ್ಟು ಚಕ್ರ ತಿರುಗಿಸಿ. ಸಲೀಸಾಗಿ ತಿರುಗಬೇಕು. ಲಿವರನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿದರೆ ಪಿಸ್ಟನ್ನಿಗೆ ತಾಗುವ ಮೊದಲು ಸ್ವಲ್ಪ ಆಟ (ಸಡಿಲ) ಇರಬೇಕು. ಬ್ರೇಕ್ ಲೈಟ್ ಹತ್ತಿ ಆರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಳೇ ಲಿವರ್ ಹುಡುಕಿ ಗ್ಯಾರೇಜಿಗೆ ಹೋಗಿ.