ರಾಟೆ ಮತ್ತು ರಾಗಿ

ದೇವರಾಯನದುರ್ಗದ ತಿರುವಿನಲ್ಲಿ ನನ್ನ ಹಳೇ ಕಾರು ಏದುಸಿರು ಬಿಡುತ್ತಿದ್ದಾಗ ಸ್ಕೂಟರಿನ ಹುಡುಗನೊಬ್ಬ ಪಕ್ಕಕ್ಕೆ ಬಂದು, "ಅಂಕಲ್, ತಳ್ಳಣಾ?" ಅಂದು ಮುಂದೆ ಹೋದ. ಎಂಜಿನ್ ತಿರುಗಿಸುವ ಭಾರ ಇಳಿದರೆ ಕಾರು ಚುರುಕಾದೀತು ಅಂತ ಅವತ್ತು ರಾತ್ರಿಯೇ ಹಗುರವಾದ ಅಲ್ಯೂಮಿನಿಯಂ ಪುಲ್ಲಿಗೆ ಆರ್ಡರ್ ಹಾಕಿದೆ.

ಡಬ್ಬಿ ಬಿಚ್ಚಿದಾಗ ಹೆಂಡತಿ ಕೇಳಿದ್ದು ಇಷ್ಟೇ: "ನಮ್ಮನೇಲಿ ಬಾವೀನೇ ಇಲ್ವಲ್ಲ, ರಾಟೆ ಯಾಕ್ರೀ?"

ಇದು ಎಂಜಿನ್ನಿನ ರಾಟೆ. ಪಿಸ್ಟನ್ನುಗಳ ಬಲಕ್ಕೆ ತಿರುಗುವ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಕೂತು, ಬೆಲ್ಟ್ ಎಳೆದು, ಕಾರಿಗೆ ಕರೆಂಟ್ ಕೊಡುವ ಆಲ್ಟರ್ನೇಟರ್ ತಿರುಗಿಸುತ್ತದೆ. ಅದರ ನಡುವಿನ ಬೋಲ್ಟ್ ಬಿಚ್ಚಲು ಇಂಪ್ಯಾಕ್ಟ್ ಗನ್ ಬೇಕು ಅಂತ ಬಿ.ಎಚ್. ರಸ್ತೆಯ ಮೆಕ್ಯಾನಿಕ್ ಹೇಳಿದ್ದ. ಅವನ ಹತ್ತಿರ ಅರ್ಧ ಗಂಟೆಯ ಕೆಲಸ. ನಾನು ನಾಲ್ಕು ದಿನದಲ್ಲಿ ಮುಗಿಸಿದೆ.

ಬೋಲ್ಟ್ ತಿರುಗಿಸಿದರೆ ಎಂಜಿನ್ನೂ ತಿರುಗುತ್ತದೆ, ಅದೇ ತಾಪತ್ರಯ. ಕಾರನ್ನು ಐದನೇ ಗೇರಿಗೆ ಹಾಕಿ, ಹೆಂಡತಿಯನ್ನು ಒಳಗೆ ಕೂರಿಸಿ "ಬ್ರೇಕ್ ಒತ್ತು" ಅಂದೆ. ಪಕ್ಕದ ಮನೆಯ ಬೋರ್‌ವೆಲ್ ರಿಪೇರಿಯವರು ಕೊಟ್ಟ ಕಬ್ಬಿಣದ ಪೈಪನ್ನು ಸ್ಪ್ಯಾನರಿಗೆ ತೂರಿಸಿ ಎಳೆದೆ. ಎಂಜಿನ್ ಬೆಣ್ಣೆಯ ಹಾಗೆ ತಿರುಗಿತು. ಅವಳು ಡ್ರೈವಿಂಗ್ ಕಲಿತದ್ದನ್ನು ಮರೆತಿರಲಿಲ್ಲ. ಬ್ರೇಕಿನ ಜೊತೆ, ಎಂಜಿನ್ನನ್ನು ಚಕ್ರದಿಂದ ಬಿಡಿಸುವ ಕ್ಲಚ್ಚನ್ನೂ ಒತ್ತಿ ಹಿಡಿದಿದ್ದಳು.

ಆಮೇಲೆ ಹಗ್ಗದ ಉಪಾಯ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಹಗ್ಗ ತುಂಬಿದರೆ, ಮೇಲೆ ಬರುವ ಪಿಸ್ಟನ್ ಅದಕ್ಕೆ ಸಿಕ್ಕಿ ನಿಲ್ಲುತ್ತದೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ ತಂದೆ. ಪಕ್ಕದವರು ತಿಪಟೂರಿನವರು, ಅವರಿಗೆ ಬೇಜಾರಾಯಿತು. "ತೆಂಗಿನ ನಾಡಲ್ಲಿ ನೈಲಾನಾ? ನಾರಿನ ಹಗ್ಗ ಕೊಡ್ತೀನಿ ತಡೀರಿ." ಎಂಜಿನ್ನೊಳಗೆ ನಾರು ಉದುರುತ್ತದೆ ಅಂತ ಅವರನ್ನು ಒಪ್ಪಿಸುವುದರಲ್ಲಿ ಒಂದು ಕಾಫಿ ಮುಗಿಯಿತು. ಇಷ್ಟಾಗಿಯೂ ಪೈಪ್ ಎಳೆದರೆ ಎಂಜಿನ್ ಮತ್ತೆ ಆರಾಮಾಗಿ ತಿರುಗಿತು. ಬಿಚ್ಚುವಾಗ ಎಂಜಿನ್ ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಪಿಸ್ಟನ್ ತುದಿ ದಾಟಿ ಇಳಿಯಲು ಶುರುಮಾಡಿದ ಮೇಲೆ ಹಗ್ಗ ತುಂಬಬೇಕಿತ್ತು. ನಾನು ತುದಿ ಮುಟ್ಟುವ ಮೊದಲೇ ತುಂಬಿದ್ದೆ. ಪಿಸ್ಟನ್ ಕೆಳಗಿಳಿಯಿತು, ಹಗ್ಗ ಒಳಗೆ ಕಾಲು ಚಾಚಿ ಮಲಗಿತು. ಸರಿಮಾಡಿ ಎಳೆದಾಗ "ಠಣ್!" ಬೋಲ್ಟ್ ಸಡಿಲವಾಯಿತು, ನನ್ನ ಸೊಂಟವೂ.

ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಗೆ ಮೂರು ತೂತು ಹೊಡೆಸಿದ್ದೇ ಪುಲ್ಲಿಯನ್ನು ಹೊರಗೆಳೆಯುವ ಪುಲ್ಲರ್ ಆಯಿತು. ಹಳೇ ಪುಲ್ಲಿ ಹೊರಬಂತು, ಜೊತೆಗಿದ್ದ ಕೀ ಎಲ್ಲೋ ಹಾರಿತು.

"ಕೀ ಕಳೆದುಹೋಯ್ತು!" ಅಂತ ಕೂಗಿಕೊಂಡೆ. ಮಗ ಓಡಿಬಂದು ಕಾರಿನ ಡೂಪ್ಲಿಕೇಟ್ ಕೀ ಕೊಟ್ಟ. ಪಕ್ಕದವರು "ಜೇಬಲ್ಲಿ ನೋಡ್ಕಳಿ" ಅಂದರು. ಇದು ಬೇರೆ ಕೀ, ಪುಲ್ಲಿ ಜಾರದಂತೆ ಶಾಫ್ಟಿನ ಕಚ್ಚಿನಲ್ಲಿ ಕೂರುವ ಅರ್ಧಚಂದ್ರದಂಥ ಉಕ್ಕಿನ ಚೂರು ಅಂತ ವಿವರಿಸುವಷ್ಟರಲ್ಲಿ ಕತ್ತಲಾಯಿತು. ಬೆಳಗ್ಗೆ ರಂಗೋಲಿ ಹಾಕಲು ಹೋದ ಹೆಂಡತಿಯ ಪೊರಕೆಗೆ ಸಿಕ್ಕಿತು.

ಹಳೇ ಪುಲ್ಲಿ ಅಡುಗೆಮನೆಯ ತಕ್ಕಡಿಯಲ್ಲಿ ಎರಡೂಕಾಲು ಕಿಲೋ, ಹೊಸದು ಮುಕ್ಕಾಲು. ಹಳೇದರ ನಡುವೆ ರಬ್ಬರಿನ ಪದರ ಇತ್ತು. ಕ್ರ್ಯಾಂಕಿನ ನಡುಕ ಹೀರಿಕೊಳ್ಳಲಿ ಅಂತಲೇ ಅದನ್ನು ಅಷ್ಟು ಭಾರ ಮಾಡಿರುತ್ತಾರೆ. ಈ ಜ್ಞಾನ ಬಂದದ್ದು ಹೊಸದನ್ನು ಕೂರಿಸಿದ ಮೇಲೆ.

ಬಿಗಿಯಲು, ತಿರುಗಿಸುವ ಬಲ ಅಳೆಯುವ ಟಾರ್ಕ್ ರೆಂಚ್ ಇರಲಿಲ್ಲ, ಮನೆಯಲ್ಲಿ ರಾಗಿ ಇತ್ತು. ಒಂದು ಮೀಟರ್ ಪೈಪಿನ ತುದಿಗೆ 10 ಕಿಲೋ ನೇತುಹಾಕಿದರೆ ಸುಮಾರು 98 ನ್ಯೂಟನ್ ಮೀಟರ್. ನನ್ನ ಬೋಲ್ಟಿಗೆ ಬೇಕಿದ್ದದ್ದೂ ಅಷ್ಟೇ. ಬಿಚ್ಚುವಾಗ ತಪ್ಪಾಗಿದ್ದ ಹಗ್ಗದ ಜಾಗ ಬಿಗಿಯುವಾಗ ಸರಿಯಾಯಿತು. ಚೀಲ ಕಟ್ಟಿದೆ. ಪೈಪ್ ಅಡ್ಡಡ್ಡ ನಿಂತಿತು, ರಾಗಿ ತೂಗಾಡಿತು. (ಪೈಪಿನ ಸ್ವಂತ ಭಾರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನುವುದು ಈಗ ಬರೆಯುವಾಗ ಹೊಳೆಯುತ್ತಿದೆ.)

ಹೊಸ ಪುಲ್ಲಿ ಅಳತೆಯಲ್ಲೂ ಚಿಕ್ಕದು. ಹಳೇ ಬೆಲ್ಟ್ ಸಡಿಲಾಗಿ ನಾಯಿಮರಿಯಂತೆ ಕುಂಯ್‌ಗುಟ್ಟಿತು, ಗಿಡ್ಡದೊಂದು ತಂದೆ. ಈಗ ಕಾರು ನಿಂತಾಗ ಆಲ್ಟರ್ನೇಟರ್ ತೂಕಡಿಸಿ ಹೆಡ್‌ಲೈಟ್ ಮಂಕಾಗುತ್ತದೆ. ಹೋಗಲಿ, ಬೆಟ್ಟ ಹತ್ತಿದರೆ ಸಾಕಲ್ಲ.

ಐದನೇ ದಿನ ನಾಮದ ಚಿಲುಮೆ ದಾಟಿ ದುರ್ಗದ ತಿರುವಿಗೆ ಬಂದೆ. ಅದೇ ಏದುಸಿರು. ಒಂದೂವರೆ ಕಿಲೋ ಇಳಿಸಿದ್ದು ಎಲ್ಲಿ ಹೋಯಿತು ಅಂತ ಯೋಚಿಸುತ್ತಿರುವಾಗ ಫೋನ್ ಬಂತು.

"ಡಿಕ್ಕೀಲಿ ರಾಗಿ ಚೀಲ ಇಟ್ಟಿದ್ನಲ್ಲ, ಮಿಲ್ಲಿಗೆ ಹಾಕಿದ್ರಾ?"