ಹಾಳೆ ತಟ್ಟೆಗೂ ಟೆಂಡರಿಗೂ ನಡುವೆ

ಹೊಸತನ ಇದ್ದವರಿಗೆ ಸರ್ಕಾರಿ ಗುತ್ತಿಗೆ ತಾನಾಗಿ ಒಲಿಯುತ್ತದೆ ಎಂದು ಸಣ್ಣ ಉದ್ದಿಮೆಗಳ ಬಗೆಗಿನ ಒಂದು ಲೇಖನದಲ್ಲಿ ಓದಿದೆ. ಅರ್ಧ ಒಪ್ಪಬಹುದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ. ಮಳೆಗಾಲದಲ್ಲಿ ಹಾಳೆ ಒಣಗದೆ ಬೂಸ್ಟು ಹಿಡಿಯುವುದೇ ತಲೆನೋವು. ಒಂದು ಕಚೇರಿಗೆ ಸ್ಯಾಂಪಲ್ ಕೊಟ್ಟ ಹತ್ತು ತಟ್ಟೆಗಳಲ್ಲಿ ಮೂರರ ಅಂಚಿಗೆ ಕಪ್ಪು ಚುಕ್ಕೆ ಬಂದು, ಕಟ್ಟು ಕಟ್ಟೇ ವಾಪಸ್ ಬಂತು. ಆಮೇಲೆ ಅಡಿಕೆ ಸಿಪ್ಪೆ ಉರಿಸಿ ಹಾಳೆ ಒಣಗಿಸುವ ಗೂಡು ಕಟ್ಟಿಸಿದೆವು. ನಮ್ಮ ಹೊಸತನ ಅಷ್ಟೇ, ಆ್ಯಪು ಗೀಪು ಏನೂ ಇಲ್ಲ.

ಆದರೆ ನಾನು ತುಂಬಿದ ಯಾವ ಟೆಂಡರಿನಲ್ಲೂ ಹೊಸತನಕ್ಕೆ ಅಂಕ ಇರಲಿಲ್ಲ. ನೋಡುವುದು ದರ. ಲೇಖನ ಬಿಟ್ಟ ವಿಷಯ ಇಲ್ಲಿದೆ: ಕೇಂದ್ರದ 2012ರ ಖರೀದಿ ನೀತಿಯಂತೆ ಕೇಂದ್ರ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು (ಮೊದಲು ಶೇ. 20 ಇತ್ತು). ದೊಡ್ಡ ಕಂಪನಿಯ ಅತಿ ಕಡಿಮೆ ದರಕ್ಕಿಂತ ನಮ್ಮದು ಶೇ. 15ರೊಳಗೆ ಹೆಚ್ಚಿದ್ದು, ಆ ದರಕ್ಕೇ ಇಳಿಯಲು ಒಪ್ಪಿದರೆ ನಮಗೂ ಒಂದು ಪಾಲು. ಟೆಂಡರ್ ಠೇವಣಿಯೂ ಬೇಡ. ಹಾಗೆ ಇಳಿಯುವ ಧೈರ್ಯ ನಮಗೆ ಬಂದದ್ದು ಗೂಡು ಬಂದು, ಕೆಟ್ಟು ಎಸೆಯಬೇಕಾದ ತಟ್ಟೆ ಕಡಿಮೆಯಾದ ಮೇಲೆ.

ಇನ್ನು ಊರಿನ ಟೆಂಡರ್ ನೋಟೀಸು ಮಲಯಾಳದಲ್ಲಿ ಬಂದರೆ ಪಕ್ಕದ ಮನೆ ಹುಡುಗನನ್ನೇ ಕರೆಯಬೇಕು. ಸರ್ಕಾರಿ ಖರೀದಿ ನಡೆಯುವ ಜೆಮ್ (GeM) ಪೋರ್ಟಲಿನ ಕೆಲಸ ತಂಗಿಯದ್ದು. ನನಗೆ ಪಾಸ್‌ವರ್ಡೇ ನೆನಪಿರುವುದಿಲ್ಲ.