ನಾನ್ಯಾರು ಹೇಳಿ ನೋಡೋಣ?

ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಲು ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ. "ನಾನ್ಯಾರು ಹೇಳಿ ನೋಡೋಣ?" ಪ್ರೀತಿಯಿಂದಲೇ ಕೇಳುತ್ತಾರೆ. ನಾನೂ ಕೇಳಿದ್ದೆ. ದಯವಿಟ್ಟು ಈ ಪ್ರಶ್ನೆ ಬಿಟ್ಟುಬಿಡಿ ಅಂತ ಹೇಳೋಕೇ ಇವತ್ತು ಇಷ್ಟು ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಬೆಂಗಳೂರಿನ ಒಂದು ಡೇ ಕೇರ್‌ಗೆ ಹೋಗುತ್ತಿದ್ದೇನೆ. ಡಿಮೆನ್ಷಿಯಾ ಇರುವ ಹಿರಿಯರು ಅಲ್ಲಿಗೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸುಮ್ನೆ ಜೊತೆಗೆ ಕೂರುವವಳು. ಎರಡನೇ ವಾರ ಒಬ್ಬ ಅಜ್ಜಿಯ ಪಕ್ಕ ಕೂತು, "ಹೋದ ವಾರ ಬಂದಿದ್ನಲ್ಲ, ನಾನ್ಯಾರು ಹೇಳಿ?" ಅಂದೆ. ಅವರು ಸ್ಕೂಲ್ ಟೀಚರ್ ಆಗಿದ್ದವರು. ನನ್ನ ಮುಖ ನೋಡಿದರು, ಗೋಡೆ ನೋಡಿದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಮನೆಪಾಠ ಮಾಡದೆ ಬಂದ ಮಗುವಿನ ಮುಖ ಹೇಗಿರುತ್ತೆ, ಹಾಗಿತ್ತು. ಆಮೇಲೆ ಸಂಜೆವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಎಷ್ಟು ಸಾವಿರ ಮಕ್ಕಳಿಗೆ ಪ್ರಶ್ನೆ ಕೇಳಿದವರೋ, ಅವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿಬಿಟ್ಟಿದ್ದೆ.

ಈಗ ನಾನೇ ಹೇಳುತ್ತೇನೆ. "ನಮಸ್ಕಾರ ಟೀಚರ್, ನಾನು ಸುಮ. ಮಲ್ಲಿಗೆ ಮೊಗ್ಗು ತಂದಿದ್ದೀನಿ." ಪ್ರತಿ ವಾರವೂ ಹೊಸದಾಗಿ ಹೇಳುತ್ತೇನೆ. ಅವರು ದಾರ ತೆಗೆದುಕೊಂಡು ಹೂ ಕಟ್ಟಲು ಶುರು ಮಾಡುತ್ತಾರೆ. ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲ, ಆದರೆ ಆ ಬೆರಳುಗಳಿಗೆ ಗಂಟು ನೆನಪಿದೆ. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ ಅಲ್ಝೈಮರ್ಸ್. ಅದರಲ್ಲಿ ಸಾಮಾನ್ಯವಾಗಿ ಮೊದಲು ಅಳಿಸಿಹೋಗುವುದು ಇತ್ತೀಚಿನ ನೆನಪು. ಚಿಕ್ಕಂದಿನದು, ಕೈಗೆ ರೂಢಿಯಾಗಿದ್ದು, ಹಾಡಿಕೊಂಡು ಕಲಿತದ್ದು ಜಾಸ್ತಿ ದಿನ ಉಳಿಯುತ್ತೆ. ಹದಿಮೂರರ ಮಗ್ಗಿಯನ್ನು ನಾನು ಬೇಕಂತಲೇ ಅರ್ಧಕ್ಕೆ ನಿಲ್ಲಿಸಿದರೆ ಟೀಚರ್ ಮುಂದುವರಿಸುತ್ತಾರೆ.

ಇನ್ನೊಬ್ಬರು ಹಳೇ ಬಿಟಿಎಸ್ ಬಸ್ ಕಂಡಕ್ಟರ್. (ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.) ಸಂಜೆ ಆಯಿತೆಂದರೆ ಅವರಿಗೆ ತಳಮಳ. ಈ ಕಾಯಿಲೆಯಲ್ಲಿ ಬಹಳ ಜನರಿಗೆ ಇಳಿಹೊತ್ತಿನಲ್ಲಿ ಹೀಗಾಗುತ್ತೆ. ಎದ್ದು ಬಾಗಿಲ ಹತ್ತಿರ ಹೋಗುತ್ತಾರೆ. "ಡ್ಯೂಟಿ ಟೈಮಾಯ್ತು, ಡಿಪೋಗೆ ಹೋಗ್ಬೇಕು." "ಸಾರ್, ನೀವು ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು" ಅಂದರೆ ಸಿಟ್ಟು ಬರುತ್ತೆ, ಕೂಗಾಡುತ್ತಾರೆ. "ಇವತ್ತು ಯಾವ ರೂಟು ಸಾರ್?" ಅಂತ ಕೇಳಿದರೆ ನಿಂತು ಹೇಳುತ್ತಾರೆ. ಮಾರ್ಕೆಟ್, ಮಿನರ್ವ ಸರ್ಕಲ್, ಲಾಲ್‌ಬಾಗ್ ವೆಸ್ಟ್ ಗೇಟ್, ಸೌತ್ ಎಂಡ್ ಸರ್ಕಲ್. ಜಯನಗರ ಬರುವಷ್ಟರಲ್ಲಿ ಕಾಫಿ ಬಂದಿರುತ್ತೆ, ಕೂತಿರುತ್ತಾರೆ. ಇದು ಸುಳ್ಳು ಹೇಳಿದಂತಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ನನಗೆ ಹಾಗನಿಸುವುದಿಲ್ಲ. ಅವರು ಇರುವ ಕಡೆಗೆ ನಾನು ಹೋಗುತ್ತೇನೆ, ಅಷ್ಟೇ.

"ಅರವತ್ತಕ್ಕೆ ಅರಳುಮರಳು" ಅಂತ ನಮ್ಮಲ್ಲಿ ಒಂದು ಮಾತಿದೆ. ಆ ಮಾತಿನಿಂದ ಬಹಳ ನಷ್ಟವಾಗಿದೆ. ವಯಸ್ಸಾಯ್ತು, ಬಿಡಿ ಅಂತ ಮನೆಯವರು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಡಿಮೆನ್ಷಿಯಾ ಮುಪ್ಪಿನ ಗುಣ ಅಲ್ಲ, ಮಿದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಜಾಸ್ತಿ ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರಬಹುದು. ಅದನ್ನು ಸರಿಪಡಿಸಬಹುದು. ಹಾಗಾಗಿ ಮೊದಲು ತೋರಿಸಿ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಕ್ಲಿನಿಕ್ ಇದೆ.

ಆದರೆ ಎಲ್ಲರನ್ನೂ ಡೇ ಕೇರ್‌ಗೆ ಕಳಿಸೋಕಾಗಲ್ಲ. ಹೆಚ್ಚಿನವರು ಮನೆಯಲ್ಲೇ ಇದ್ದಾರೆ. ನೋಡಿಕೊಳ್ಳುವುದು ಯಾರು? ಮಗಳು, ಸೊಸೆ, ತನಗೇ ಮಂಡಿನೋವು ಇರುವ ಹೆಂಡತಿ. ಕಳೆದ ವರ್ಷದಿಂದ ಬುಧವಾರ ನಮ್ಮ ಬೀದಿಯ ಒಂದು ಮನೆಗೂ ಹೋಗುತ್ತಿದ್ದೇನೆ. ಎರಡು ಗಂಟೆ ಮಾವನವರ ಜೊತೆ ನಾನಿರುತ್ತೇನೆ, ನೀವು ಹೊರಗೆ ಹೋಗಿಬನ್ನಿ ಅಂತ ಆ ಮನೆಯ ಸೊಸೆಗೆ ಹೇಳಿದೆ. ಮೊದಲ ದಿನ ಅವರು ಎಲ್ಲಿಗೂ ಹೋಗಲಿಲ್ಲ. ಪಕ್ಕದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ಎದ್ದು ಬಂದು, "ಯಾರೂ ಕರೀದೇ ಇದ್ದಿದ್ದು ಎಷ್ಟು ದಿನ ಆಯ್ತೋ ಸುಮಾ" ಅಂದರು. ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಹುಟ್ಟುಹಬ್ಬಕ್ಕೆ ಡೇ ಕೇರ್‌ಗೆ ಕೇಕ್ ತಂದು ಫೋಟೋ ತೆಗೆಸಿಕೊಂಡು ಹೋಗುವವರ ಮೇಲೆ ನನಗೆ ಕೋಪವಿಲ್ಲ. ಆದರೆ ಒಂದೇ ಸಲಕ್ಕೆ ಇಪ್ಪತ್ತು ಜನ ಬಂದು ಗದ್ದಲವಾದರೆ ಹಿರಿಯರಿಗೆ ಗಾಬರಿಯಾಗುತ್ತೆ. ಇಲ್ಲಿಗೆ ಬೇಕಿರುವುದು ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಬರುವ ಒಬ್ಬರು. ಟೀಚರ್‌ಗೆ ನನ್ನ ಹೆಸರು ಇವತ್ತಿಗೂ ಗೊತ್ತಿಲ್ಲ. ಆದರೂ ನಾನು ಒಳಗೆ ಬಂದರೆ ಪಕ್ಕದ ಕುರ್ಚಿಯ ಮೇಲಿರುವ ತಮ್ಮ ಚೀಲ ಎತ್ತಿಕೊಳ್ಳುತ್ತಾರೆ.

ಅವರೆಕಾಯಿ ಕಾಲ ಬರುತ್ತಿದೆ. ಶನಿವಾರ ಮೂರು ಗಂಟೆಗೆ ಎಲ್ಲರೂ ಸೇರಿ ಕಾಯಿ ಸುಲಿಯುತ್ತೇವೆ. ಇನ್ನೂ ಇಬ್ಬರು ಬೇಕು, ವಾರ ತಪ್ಪಿಸದೆ ಬರುವವರು. ಬರೋಕಾಗುತ್ತೆ ಅನ್ನುವವರು ನನಗೆ ಮೆಸೇಜ್ ಮಾಡಿ.